ಟ್ಯಾಂಕಿನ ತುಕ್ಕು, ಪಂಪಿಗೆ ಕುತ್ತು

ನೇಗಿಲು ಎಳೆಯುವಾಗ ಗಾಡಿ ತಟಕ್ಕನೆ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ. ಹಳೆಯ ಎಚ್‌ಎಂಟಿ 2511 ಟ್ರ್ಯಾಕ್ಟರ್ ಇಟ್ಟುಕೊಂಡವರು ನಮ್ಮ ಗ್ಯಾರೇಜಿಗೆ ತರುವ ದೂರು ಇದೇ. ಜತೆಗೆ ಇನ್ನೊಂದು ಮಾತು: “ಮೊನ್ನೆನೇ ಹೊಸ ಫಿಲ್ಟರ್ ಹಾಕ್ಸೀನ್ರಿ, ಮಿಸ್ತ್ರಿ.”

ನಾನು ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಬಿಡುತ್ತೇನೆ. ತಳದಲ್ಲಿ ತುಕ್ಕಿನ ಕೆಂಪು ರಾಡಿ ಕಂಡರೆ ಫಿಲ್ಟರ್ ಎಷ್ಟು ಬದಲಿಸಿದರೂ ದುಡ್ಡು ದಂಡ, ಹೊಸದೂ ಕಟ್ಟಿಕೊಳ್ಳುತ್ತದೆ.

ತುಕ್ಕಿಗೆ ಮೂಲ ನೀರು. ಅರ್ಧ ಖಾಲಿ ಟ್ಯಾಂಕಿನಲ್ಲಿ ಗಾಳಿ ತುಂಬಿರುತ್ತದೆ. ರಾತ್ರಿ ತಗಡು ತಣ್ಣಗಾದಾಗ ಆ ಗಾಳಿಯ ತೇವ ಒಳಗೋಡೆಯ ಮೇಲೆ ಹನಿಗಟ್ಟುತ್ತದೆ. ಒಂದು ಲೀಟರ್ ಡೀಸೆಲ್ ಸುಮಾರು 830 ಗ್ರಾಂ ತೂಗಿದರೆ ನೀರು 1,000 ಗ್ರಾಂ. ಹಾಗಾಗಿ ಹನಿಯೆಲ್ಲ ತಳಕ್ಕಿಳಿದು ಅಲ್ಲೇ ಕೂರುತ್ತದೆ. ಆ ನೀರಿಗೆ ತಗಡು ತುಕ್ಕು ಹಿಡಿದು, ಅದರ ಪುಡಿ ಡೀಸೆಲ್ ಪಂಪಿಗೆ ಹೊರಡುತ್ತದೆ. ಪಂಪಿನ ಪ್ಲಂಜರ್‌ಗೂ ಬ್ಯಾರೆಲ್‌ಗೂ ನಡುವಿನ ಸಂದು ಕೆಲವೇ ಮೈಕ್ರಾನ್. ಆ ಪುಡಿ ಹೊಕ್ಕರೆ ಲೋಹ ಗೀರಿಹೋಗುತ್ತದೆ.

ಟ್ಯಾಂಕ್ ಇಳಿಸಿ, ಡೀಸೆಲ್ ಬಸಿದು, ಮೊದಲು ಬಿಸಿನೀರು, ವಾಷಿಂಗ್ ಸೋಡಾ ಹಾಕಿ ಚೆನ್ನಾಗಿ ಗಲಬರಿಸಿ. ಜನ ಬಿಟ್ಟುಬಿಡುವುದು ಈ ಹಂತವನ್ನೇ. ಜಿಡ್ಡು ಇದ್ದಲ್ಲಿ ಮುಂದೆ ಹಾಕುವ ಆಸಿಡ್ ತುಕ್ಕನ್ನು ಮುಟ್ಟದು. ಆಮೇಲೆ ಹೆಕ್ಕಳಿಕೆ ಎಬ್ಬಿಸಲು ಒಂದು ತುಂಡು ಸರಪಳಿ ಒಳಗೆ ಬಿಟ್ಟು ಅಲುಗಾಡಿಸಿ. ಜಲ್ಲಿ ಬೇಡ, ಒಳಗಿನ ಅಡ್ಡತಗಡಿನ ಹಿಂದೆ ಸಿಕ್ಕಿಕೊಳ್ಳುತ್ತದೆ. ಸರಪಳಿಯ ತುದಿಗೆ ತಂತಿ ಕಟ್ಟಿ ಹೊರಗೆ ಇಟ್ಟುಕೊಂಡರೆ ಎಳೆದು ತೆಗೆಯುವುದು ಸುಲಭ.

ಉಳಿದ ತುಕ್ಕಿಗೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಸಾಕು. ಲೀಟರಿಗೆ 50ರಿಂದ 100 ಗ್ರಾಂ ಬೆರೆಸಿದ ಬೆಚ್ಚನೆ ನೀರನ್ನು ಬಾಯಿಮಟ್ಟ ತುಂಬಿ ಒಂದು ರಾತ್ರಿ ಬಿಡಿ. ಮುಚ್ಚಳ ಬಿಗಿಯಬೇಡಿ, ಒಳಗೆ ಗ್ಯಾಸ್ ಏಳುತ್ತದೆ. ಕಕ್ಕಸು ತೊಳೆಯುವ ಆಸಿಡ್ ಮಾತ್ರ ಬೇಡವೇ ಬೇಡ. ಅದು ತುಕ್ಕಿನ ಜತೆ ತಗಡನ್ನೂ ತಿನ್ನುತ್ತದೆ.

ಬೆಳಗ್ಗೆ ಸೋಡಾ ನೀರಿನಿಂದ, ಬಳಿಕ ಬರಿ ನೀರಿನಿಂದ ತೊಳೆದು ತಕ್ಷಣ ಕಂಪ್ರೆಸರ್ ಗಾಳಿ ಹಿಡಿಯಿರಿ. ಬೆತ್ತಲೆ ಕಬ್ಬಿಣ ಒದ್ದೆಯಿದ್ದರೆ ಕಣ್ಣೆದುರೇ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಒಣಗಿದೊಡನೆ ತುಸು ಡೀಸೆಲ್ ಸುರಿದು ಎಲ್ಲ ಗೋಡೆಗೂ ತಾಗುವಂತೆ ಹೊರಳಿಸಿ. ಹೊಸ ಫಿಲ್ಟರ್ ಹಾಕುವುದು ಈಗ. ಪ್ರೈಮರ್ ಒತ್ತುತ್ತ, ಬ್ಲೀಡಿಂಗ್ ಸ್ಕ್ರೂನಲ್ಲಿ ಗುಳ್ಳೆ ನಿಲ್ಲುವವರೆಗೆ ಏರ್ ತೆಗೆಯಿರಿ.

ತುಕ್ಕು ಹೋದ ಮೇಲೆ ಕೆಲವು ಟ್ಯಾಂಕ್ ಸೋರುತ್ತವೆ, ಅಷ್ಟು ದಿನ ತೂತು ಮುಚ್ಚಿದ್ದೇ ಆ ತುಕ್ಕು. ಆಗ ಎದುರಿನ ಅಂಗಡಿಯಲ್ಲಿ ವೆಲ್ಡಿಂಗ್ ಮಾಡಿಸುವ ಆತುರ ಬೇಡ. ಡೀಸೆಲ್ ಆವಿ ಉಳಿದ ಖಾಲಿ ಟ್ಯಾಂಕ್ ಬೆಂಕಿ ತಾಗಿದರೆ ಸಿಡಿಯುತ್ತದೆ. ಈ ಕೆಲಸ ಬಲ್ಲವರ ಬಳಿಯೇ ಒಯ್ಯಿರಿ.

ಇನ್ನು ಮುಂದೆ ಕೆಲಸ ಮುಗಿದ ಸಂಜೆಯೇ ಟ್ಯಾಂಕ್ ತುಂಬಿಸಿ. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗವಿಲ್ಲ, ನೀರಿಗೂ ಇಲ್ಲ.