ಕಡ್ಡಿ ಹಾಕಿಸಿದ ಮೇಲೆ ಮುಟ್ಟು ನಿಂತರೆ?

ಪ್ರಶ್ನೆ: ಬೆಂಗಳೂರಿನಲ್ಲಿರುವ ನನ್ನ ತಂಗಿ ತೋಳಿಗೆ ಗರ್ಭನಿರೋಧಕ ಕಡ್ಡಿ ಹಾಕಿಸಿಕೊಂಡಿದ್ದಾಳೆ. ಮೂರು ತಿಂಗಳಿಂದ ಮುಟ್ಟಾಗಿಲ್ಲ. ರಕ್ತ ಒಳಗೇ ಕಟ್ಟಿಕೊಳ್ಳುವುದಿಲ್ಲವೇ?
– ಓದುಗರು, ಜಡೆ, ಸೊರಬ ತಾಲ್ಲೂಕು

ಉತ್ತರ: ಇಲ್ಲ, ಕಟ್ಟಿಕೊಳ್ಳಲು ಅಲ್ಲಿ ರಕ್ತವೇ ಇರುವುದಿಲ್ಲ. ಈ ಭಯದಿಂದಲೇ ಕಡ್ಡಿ ತೆಗೆಸಿಕೊಳ್ಳುವವರಿದ್ದಾರೆ, ಹಾಗಾಗಿ ನೀವು ಕೇಳಿದ್ದು ಒಳ್ಳೆಯದಾಯಿತು.

ಈ ಕಡ್ಡಿ 4 ಸೆಂ.ಮೀ. ಉದ್ದ, 2 ಮಿ.ಮೀ. ದಪ್ಪ. ಮೇಲುತೋಳಿನ ಒಳಬದಿಯಲ್ಲಿ ಬೆರಳಾಡಿಸಿದರೆ ಚರ್ಮದಡಿ ಸಿಗುತ್ತದೆ. ಅದರೊಳಗಿನ 68 ಮಿ.ಗ್ರಾಂ. ಎಟೊನೊಜೆಸ್ಟ್ರೆಲ್ ಎಂಬ ಹಾರ್ಮೋನು ಮೂರು ವರ್ಷ ಸ್ವಲ್ಪಸ್ವಲ್ಪವೇ ರಕ್ತಕ್ಕೆ ಸೇರುತ್ತದೆ. ಆಗ ಅಂಡ ಬಿಡುಗಡೆಯಾಗುವುದಿಲ್ಲ, ಗರ್ಭಕೋಶದ ಒಳಪದರ ದಪ್ಪಗೆ ಬೆಳೆಯುವುದೂ ಇಲ್ಲ. ಪ್ರತಿ ತಿಂಗಳು ಕಳಚಿ ಬರುವುದು ಆ ಪದರವೇ. ಅದು ಬೆಳೆಯದಿದ್ದರೆ ಹೊರಬರಲು ಏನೂ ಇರುವುದಿಲ್ಲ.

ಸುಮಾರು ಐವರಲ್ಲಿ ಒಬ್ಬರಿಗೆ ಹೀಗೆ ಮುಟ್ಟು ನಿಲ್ಲುತ್ತದೆ. ಇನ್ನು ಕೆಲವರಿಗೆ ತೆಳುವಾದ ಪದರದ ಸಣ್ಣ ರಕ್ತನಾಳಗಳು ಸುಲಭವಾಗಿ ಒಡೆದು, ದಿನಗಟ್ಟಲೆ ಕಲೆ ಕಾಣಿಸುತ್ತದೆ. ಮುಟ್ಟಾದಾಗ ಹೊರಗೆ ಕೂರಿಸುವ ಮನೆಗಳಲ್ಲಿ ಇದು ನಿಜಕ್ಕೂ ಹಿಂಸೆ. ಕಡ್ಡಿ ಹಾಕುವ ಮೊದಲೇ ಈ ಮಾತನ್ನು ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಲೇಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ 2017ರಿಂದ ಉಚಿತವಾಗಿ ಕೊಡುವ, ಮೂರು ತಿಂಗಳಿಗೊಮ್ಮೆಯ ‘ಅಂತರಾ’ ಚುಚ್ಚುಮದ್ದಿನಲ್ಲೂ ಇಂಥದ್ದೇ ಏರುಪೇರು ಸಾಮಾನ್ಯ.

ಆದರೂ ಅನುಮಾನವಿದ್ದರೆ ಗರ್ಭಪರೀಕ್ಷೆ ಮಾಡಿಸಲಿ. ಕ್ಷಯದ ರಿಫಾಂಪಿಸಿನ್, ಮೂರ್ಛೆರೋಗದ ಕೆಲವು ಮಾತ್ರೆಗಳು ಕಡ್ಡಿಯ ಶಕ್ತಿ ತಗ್ಗಿಸುತ್ತವೆ. ವಿಪರೀತ ರಕ್ತಸ್ರಾವ, ಕಿಬ್ಬೊಟ್ಟೆ ನೋವು, ಸಂಭೋಗದ ನಂತರ ರಕ್ತ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಕಡ್ಡಿ ತೆಗೆಸಿದರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಅಂಡೋತ್ಪತ್ತಿ ಮರಳುತ್ತದೆ.