ಹಳೆ ಗಾಡಿಯ ಸ್ಟೀರಿಂಗ್ ಬಿಸಾಡಬೇಡಿ

ಏಪ್ರಿಲ್–ಮೇ ತಿಂಗಳ ನಡುಮಧ್ಯಾಹ್ನ ಜೇವರ್ಗಿಯಲ್ಲೋ ಆಳಂದದಲ್ಲೋ ಬಯಲಿಗೆ ನಿಲ್ಲಿಸಿದ ಗಾಡಿಯ ಸ್ಟೀರಿಂಗ್ ಮುಟ್ಟಿದರೆ ಕೈ ಚುರುಕ್ ಎನ್ನುತ್ತದೆ. ಹೊರಗೆ 42 ಡಿಗ್ರಿ ಇದ್ದರೆ, ಗಾಜು ಏರಿಸಿದ ಕಾರಿನೊಳಗೆ ಶಾಖ ಅದಕ್ಕಿಂತ ಎಷ್ಟೋ ಹೆಚ್ಚು. ಡ್ರೈವರ್ ಹೆಗಲ ಮೇಲಿನ ಟವೆಲ್ಲನ್ನೇ ಸುತ್ತಿ ಹಿಡಿದು ಹೊರಡುತ್ತಾನೆ. ಹೊಸ ಗಾಡಿಗೆ ಇದರಿಂದ ಅಷ್ಟೇನೂ ಬಾಧೆಯಿಲ್ಲ. ನಲವತ್ತು ಐವತ್ತು ಬೇಸಿಗೆ ಕಂಡ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮಹೀಂದ್ರ ಜೀಪುಗಳ ಸ್ಟೀರಿಂಗ್ ಮಾತ್ರ ಬಿರುಕು ಬಿಟ್ಟು, ಬಣ್ಣ ಸುಲಿದು, ಹಿಡಿದರೆ ಅಂಗೈಗೆ ಚುಚ್ಚುತ್ತದೆ.

ಕಲಬುರಗಿ ಸೀಮೆಯ ಡಾಂಬರಿಲ್ಲದ ರಸ್ತೆಗಳಲ್ಲಿ ಒಂದು ತಲೆಮಾರನ್ನು ಹೊತ್ತು ತಿರುಗಿದ ಗಾಡಿಗಳಿವು. ಮದುವೆ ದಿಬ್ಬಣವಿರಲಿ, ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೆ ದತ್ತನ ದರ್ಶನವಿರಲಿ, ಬಾಡಿಗೆಗೆ ಬರುತ್ತಿದ್ದದ್ದು ಇವೇ. ಪವರ್ ಸ್ಟೀರಿಂಗ್ ಇಲ್ಲದ ಕಾಲ. ಅದಕ್ಕೇ ಸ್ಟೀರಿಂಗ್ ಚಕ್ರ ದೊಡ್ಡದು, ಹಿಡಿ ತೆಳು. ಹಳೆಯ ಅಂಬಾಸಿಡರ್ ಮತ್ತು ಪದ್ಮಿನಿಯಲ್ಲಿ ಗೇರ್ ಕಡ್ಡಿಯೂ ಸ್ಟೀರಿಂಗಿನ ಕೆಳಗೇ ಇತ್ತು. ಇಡೀ ಗಾಡಿಯಲ್ಲಿ ಚಾಲಕನ ಕೈ ಬಿಡದೆ ತಾಗುವ ಭಾಗ ಈ ಚಕ್ರವೊಂದೇ. ಬಾನೆಟ್ಟಿಗೆ ಸಾವಿರಾರು ರೂಪಾಯಿಯ ಬಣ್ಣ ಬಳಿಸಿ ಸ್ಟೀರಿಂಗನ್ನು ರೆಗ್ಜಿನ್ ಕವರಿನಲ್ಲಿ ಮುಚ್ಚಿಡುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಬಿರುಕಿಗೆ ಕಾರಣ ಚಕ್ರದ ಹೊಟ್ಟೆಯಲ್ಲಿದೆ. ಒಳಗೆ ಉಕ್ಕಿನ ಬಳೆ, ಮೇಲೆ ಗಟ್ಟಿ ರಬ್ಬರು ಅಥವಾ ಪ್ಲಾಸ್ಟಿಕ್. ಬಿಸಿಗೆ ಪ್ಲಾಸ್ಟಿಕ್ ಉಕ್ಕಿಗಿಂತ ಹಲವು ಪಟ್ಟು ಹಿಗ್ಗುತ್ತದೆ, ರಾತ್ರಿ ತಂಪಿಗೆ ಅಷ್ಟೇ ಕುಗ್ಗುತ್ತದೆ. ವಯಸ್ಸಾದಂತೆ ಅದರ ಮೆದುತನ ಆವಿಯಾಗಿ ಮೈ ಕಿರಿದಾಗುತ್ತದೆ. ಒಳಗಿನ ಉಕ್ಕು ಕಿರಿದಾಗದು. ಎಳೆತ ತಡೆಯದೆ ಮೊದಲು ಒಡೆಯುವುದು ಅಡ್ಡಕಡ್ಡಿ ಬಂದು ಸೇರುವ ಜಾಗ. 1930ರಿಂದ 50ರ ದಶಕದ ಅನೇಕ ವಿದೇಶಿ ಕಾರುಗಳಲ್ಲಿ ಬಳಸಿದ ಸೆಲ್ಯುಲೋಸ್ ಅಸಿಟೇಟ್ ಕೊಳೆಯತೊಡಗಿದರೆ ವಿನೆಗರ್ ವಾಸನೆ ಬರುತ್ತದೆ, ಆ ಆಮ್ಲ ಒಳಗಿನ ಉಕ್ಕಿಗೂ ತುಕ್ಕು ಹಿಡಿಸುತ್ತದೆ. ನಮ್ಮಲ್ಲಿ ಇದರ ಜತೆಗೆ ಬೆವರು, ಎರೆಭೂಮಿಯ ಕಪ್ಪು ಧೂಳು, ವರ್ಷವರ್ಷದ ಆಯುಧ ಪೂಜೆಯ ಕುಂಕುಮ–ವಿಭೂತಿ ಸೇರಿ ಬಿರುಕಿನೊಳಗೆ ಜಿಡ್ಡುಗಟ್ಟಿರುತ್ತದೆ.

ರಿಪೇರಿಗೆ ಮೊದಲು ಚಕ್ರ ಬಿಚ್ಚಬೇಕು. ಮುಂದಿನ ಗಾಲಿ ನೇರ ನಿಲ್ಲಿಸಿ, ಬ್ಯಾಟರಿ ವಾಯರ್ ಕಳಚಿ, ಹಾರ್ನ್ ಬಟನ್ ತೆಗೆದರೆ ನಡುವೆ ದೊಡ್ಡ ನಟ್ಟು. ಚಕ್ರಕ್ಕೂ ರಾಡಿಗೂ ಒಂದೇ ಗೆರೆಯಲ್ಲಿ ಗುರುತು ಹೊಡೆಯದಿದ್ದರೆ ತಿರುಗಿ ಕೂರಿಸುವಾಗ ಒಂದು ಹಲ್ಲು ತಪ್ಪಿ, ಗಾಡಿ ನೇರ ಹೋಗುತ್ತಿದ್ದರೂ ಸ್ಟೀರಿಂಗ್ ಓರೆಯಾಗಿರುತ್ತದೆ. ನಟ್ಟನ್ನು ಪೂರ್ತಿ ತೆಗೆಯದೆ ಒಂದೆರಡು ಸುತ್ತು ಉಳಿಸಿ ಪುಲ್ಲರ್ ಹಾಕಬೇಕು; ಚಕ್ರ ಥಟ್ಟನೆ ಬಿಟ್ಟುಕೊಂಡರೂ ಮುಖಕ್ಕೆ ಬಡಿಯದು. ಸುತ್ತಿಗೆಯಿಂದ ಹೊಡೆದು ಬಿಡಿಸುವುದು ಬೇಡ, ಏಟು ಕೆಳಗಿನ ಸ್ಟೀರಿಂಗ್ ಗೇರಿಗೆ ಇಳಿಯುತ್ತದೆ.

ತೊಳೆಯಲು ಸೋಪಿನ ನೀರು, ಹಲ್ಲುಜ್ಜುವ ಹಳೆ ಬ್ರಷ್ ಸಾಕು. ಥಿನ್ನರ್ ಸುರಿದರೆ ಕೆಲವು ಹಳೆಯ ಪ್ಲಾಸ್ಟಿಕ್ ಕರಗಿಯೇ ಹೋಗುತ್ತದೆ. ಮುಂದಿನ ಹೆಜ್ಜೆಗೆ ಎದೆಗಾರಿಕೆ ಬೇಕು: ಕೂದಲೆಳೆಯ ಬಿರುಕನ್ನು ಹ್ಯಾಕ್ಸಾ ಬ್ಲೇಡಿನಿಂದ ಉಕ್ಕು ಕಾಣುವವರೆಗೆ ಕೊರೆದು, ಮೇಲೆ ಅಗಲ, ತಳದಲ್ಲಿ ಕಿರಿದಾದ ಸಂದು ಮಾಡಬೇಕು. ಬಿರುಕಿನ ಬಾಯಿಗಷ್ಟೇ ಲೇಪ ಹಚ್ಚಿದರೆ ಬರುವ ಬೇಸಿಗೆಗೆ ಅದೇ ಗೆರೆ ಮತ್ತೆ ಮೂಡುತ್ತದೆ. ತುಕ್ಕು ಉಜ್ಜಿ ತೆಗೆದು, ಎರಡು ಭಾಗ ಬೆರೆಸುವ ಎಪಾಕ್ಸಿಯನ್ನು ಸಂದಿನೊಳಗೆ ಒತ್ತಿ, ಮೈಗಿಂತ ತುಸು ಉಬ್ಬಾಗಿ ತುಂಬಬೇಕು. ಬೇಗ ಬಿಗಿಯುವುದಕ್ಕಿಂತ ನಿಧಾನವಾಗಿ ಬಿಗಿಯುವುದು ಮೇಲು. ಒಂದು ದಿನ ಮುಟ್ಟದೆ ಬಿಡಬೇಕು. ನಮ್ಮ ಶಾಖಕ್ಕೆ ಕಲಸಿದ್ದು ಬಟ್ಟಲಲ್ಲೇ ಗಟ್ಟಿಯಾಗುವುದರಿಂದ ಸ್ವಲ್ಪ ಸ್ವಲ್ಪವೇ ಕಲಸಬೇಕು.

ಕೌಶಲ ಗೊತ್ತಾಗುವುದು ಅರ ಹಿಡಿದಾಗ. ಚಕ್ರದ ಹಿಂಬದಿಯ ಬೆರಳಿನ ಅಚ್ಚುಗಳು ಒಂದರಂತೆ ಒಂದು ಬರಬೇಕು. ಇಲ್ಲಿ ಕಣ್ಣಿಗಿಂತ ಕೈಯನ್ನು ನಂಬಬೇಕು: ಕಣ್ಣು ಮುಚ್ಚಿ ಬೆರಳು ಸರಿಸಿದಾಗ ಹಳೆಯದು ಎಲ್ಲಿ ಮುಗಿದು ಹೊಸದು ಎಲ್ಲಿ ಶುರುವಾಯಿತೆಂದು ತಿಳಿಯಬಾರದು. ಆಮೇಲೆ 80, 120, 220, 400 ನಂಬರಿನ ಎಮರಿ ಕಾಗದ, ಪ್ರೈಮರ್, ಅದು ತೋರಿಸಿಕೊಡುವ ಸೂಜಿರಂಧ್ರಗಳಿಗೆ ಪುಟ್ಟಿ, ಕೊನೆಗೆ ಪಿಯು (ಪಾಲಿಯುರೆಥೇನ್) ಬಣ್ಣ. ಗಾಳಿ ಏಳುವ ಮುಂಚೆ, ಬೆಳಗಿನ ಜಾವ, ನೆಲಕ್ಕೆ ನೀರು ಚಿಮುಕಿಸಿ ಬಣ್ಣ ಹೊಡೆದರೆ ಧೂಳು ಕೂರುವುದಿಲ್ಲ.

ಬೆಂಗಳೂರಿನ ದೊಡ್ಡ ಗ್ಯಾರೇಜೇ ಆಗಬೇಕೆಂದಿಲ್ಲ. ಬಿಚ್ಚಿ ಕೂರಿಸಲು ಮಿಸ್ತ್ರಿ, ತುಂಬಿ ತಿದ್ದಲು ಡೆಂಟಿಂಗ್ ಕೆಲಸದವರು, ಬಣ್ಣಕ್ಕೆ ಪೇಂಟರ್: ತಾಲ್ಲೂಕು ಊರಿನಲ್ಲಿ ಸಿಗುವ ಕಸುಬುದಾರರೇ ಸಾಕು. ಇವರಿಗೆ ಕೈಚಳಕ ಕಡಿಮೆಯಿಲ್ಲ. ಅವಸರ ಮಾಡದ ಮಾಲೀಕ ಸಿಗಬೇಕಷ್ಟೆ. ಆದರೆ ಒಳಗಿನ ಉಕ್ಕು ಬಾಗಿದ್ದರೆ, ಅಡ್ಡಕಡ್ಡಿಯ ಬೆಸುಗೆ ಬಿಟ್ಟಿದ್ದರೆ, ನಡುವಿನ ಹಲ್ಲು ಸವೆದಿದ್ದರೆ ಎಪಾಕ್ಸಿಯ ಮಾತೇ ಬೇಡ, ಬೇರೆ ಚಕ್ರ ಹುಡುಕಬೇಕು. ಏರ್‌ಬ್ಯಾಗ್ ಇರುವ ಗಾಡಿಯಲ್ಲಂತೂ ಈ ಕೆಲಸಕ್ಕೆ ಕೈ ಹಾಕಲೇಬಾರದು.

ಬೇರೆ ಚಕ್ರ ಸಿಗುವುದೂ ಕಷ್ಟವಾಗುತ್ತಿದೆ. ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿತು, ಪದ್ಮಿನಿ ಅದಕ್ಕೂ ಎಷ್ಟೋ ವರ್ಷ ಮೊದಲು. ಇತ್ತ 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ತಂದಿದೆ. 50 ವರ್ಷ ದಾಟಿ, ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲಿರುವ ಗಾಡಿಗೆ 20,000 ರೂಪಾಯಿ ಶುಲ್ಕದಲ್ಲಿ ಹತ್ತು ವರ್ಷಕ್ಕೆ ‘ವಿಎ’ ಅಕ್ಷರಗಳ ನಂಬರ್ ಪ್ಲೇಟ್ ಸಿಗುತ್ತದೆ. 1970ರ ದಶಕದ ಆರಂಭದ ಅಂಬಾಸಿಡರ್‌ಗಳು ಈಗಾಗಲೇ ಆ ವಯಸ್ಸಿಗೆ ಬಂದಿವೆ. ಮನೆಯ ಹಿತ್ತಲಲ್ಲಿ ಅಂಥದೊಂದು ನಿಂತಿದ್ದರೆ ಮೊದಲು ನೆರಳಿಗೆ ತನ್ನಿ. ಗುಜರಿಯವನು ಬಂದಾಗ ಸ್ಟೀರಿಂಗ್ ಮಾತ್ರ ಕೊಡಬೇಡಿ.