ಚಿತ್ತೆ ಮಳೆಯಿಂದ ಕಣದವರೆಗೆ: ಚಿಕ್ಕಬಳ್ಳಾಪುರ ಸೀಮೆಯ ಮನೆಗೆಲಸ ಮತ್ತು ಬಂದುಹೋಗುವವರು

ಹೆಳವರು, ಬುಡಬುಡಿಕೆಯವರು, ಕೋಲೆ ಬಸವನವರು, ದಾಸಯ್ಯಂದಿರು ನಮ್ಮ ಜಾನಪದ ಸಂಗ್ರಹಗಳಲ್ಲಿ ಸಾಮಾನ್ಯವಾಗಿ ‘ವೃತ್ತಿಗಾಯಕರು’ ಎಂಬ ಒಂದೇ ಶೀರ್ಷಿಕೆಯ ಕೆಳಗೆ ಬರುತ್ತಾರೆ. ಅವರ ಹಾಡು, ವೇಷ, ವಾದ್ಯಗಳ ವಿವರಗಳನ್ನು ಅಲ್ಲಿ ಶ್ರದ್ಧೆಯಿಂದ ದಾಖಲಿಸಲಾಗಿರುತ್ತದೆ. ಆದರೆ ಅವರು ಯಾವ ತಿಂಗಳಿನಲ್ಲಿ ಬಂದರು, ಆಗ ಆ ಮನೆಯವರು ಯಾವ ಕೆಲಸದಲ್ಲಿ ತೊಡಗಿದ್ದರು ಎಂಬುದು ಬಹುಮಟ್ಟಿಗೆ ಬಿಟ್ಟುಹೋಗಿರುತ್ತದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಮಟ್ಟಿಗೆ ಈ ಲೋಪ ಸಣ್ಣದಲ್ಲ. 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದ ಈ ಸೀಮೆಯಲ್ಲಿ ಬಂದುಹೋಗುವವರ ಪಂಚಾಂಗವನ್ನು ಬಹುಪಾಲು ರಾಗಿಯ ಪೈರೇ ನಿರ್ಧರಿಸುತ್ತಿತ್ತು.

ಅಕ್ಟೋಬರಿನ ಚಿತ್ತೆ, ಸ್ವಾತಿ ಮಳೆಗಳ ಹೊತ್ತಿಗೆ ಮಳೆಯಾಶ್ರಯದ ರಾಗಿ ತೆನೆ ಕಟ್ಟಿ ಬಲಿಯತೊಡಗುತ್ತದೆ. ನಡುನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ ನಿಂತಿರುತ್ತವೆ. ಇದೇ ಅವಧಿಯಲ್ಲಿ ದೀಪಾವಳಿಯ ನೋಮು ಬರುತ್ತದೆ. ಮನೆ ಸಾರಿಸಿ, ಸುಣ್ಣ ಬಳಿದು, ಕಜ್ಜಾಯಕ್ಕೆ ಅಕ್ಕಿ ಕುಟ್ಟಿ, ಕೇದಾರೇಶ್ವರನ ದಾರ ಕಟ್ಟಿಕೊಳ್ಳುವ ಈ ವ್ರತಕ್ಕೆ ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಹಳಗನ್ನಡ ಓದಿದವರಿಗೆ ಪರಿಚಿತವಾದ ‘ನೋಂಪಿ’ಯೂ ತೆಲುಗಿನ ‘ನೋಮು’ವೂ ಒಂದೇ ಮೂಲದ ಪದಗಳು. ಗ್ರಂಥಸ್ಥ ಕನ್ನಡದ ಪದ ಜೈನ ಕಥೆಗಳಲ್ಲಿ ಉಳಿದರೆ, ಗಡಿಸೀಮೆಯ ಕನ್ನಡ ಮನೆಗಳು ತೆಲುಗಿನ ರೂಪವನ್ನೇ ಬಳಕೆಗೆ ತಂದುಕೊಂಡಿವೆ.

ಹಬ್ಬ ಕಳೆದ ಮೇಲೆ ಕೊಯ್ಲು. ಕೊಯ್ದ ಪೈರನ್ನು ಅರಿಯಾಗಿ ಹೊಲದಲ್ಲೇ ಒಣಗಲು ಬಿಟ್ಟು, ಕಂತೆ ಕಟ್ಟಿ, ಮೆದೆ ಒಟ್ಟಲಾಗುತ್ತದೆ. ಮೆದೆಯಲ್ಲಿ ರಾಗಿ ಕೆಲವು ವಾರ ಕಾಯಬಲ್ಲದು. ಆದ್ದರಿಂದ ಇತರ ಕೆಲಸ ಮುಗಿಸಿ ಕಣಕ್ಕೆ ಕೈಹಾಕಲು ರೈತನಿಗೆ ಬಿಡುವು ದೊರೆಯುತ್ತಿತ್ತು. ಮನೆಗೆ ಸಮೀಪದ ಗಟ್ಟಿನೆಲವನ್ನು ಆರಿಸಿ, ಹುಲ್ಲು ಹೆರೆದು, ನೀರು ಚಿಮುಕಿಸಿ, ದನಗಳಿಂದ ತುಳಿಸಿ, ಸಗಣಿಯ ಬಗ್ಗಡದಿಂದ ಸಾರಿಸಿ ಕಣ ಮಾಡುತ್ತಿದ್ದರು. ನಡುವೆ ಮೇಟಿ, ಅದರ ಸುತ್ತ ಎತ್ತುಗಳು ಎಳೆಯುವ ಕಲ್ಲಿನ ಗುಂಡು. ಸಾರಿಸುವುದು, ಕೇರುವುದು, ರಾತ್ರಿ ಕೂತು ಹಿತಕಿದ ಬೇಳೆಗೆ ಅವರೆಕಾಳಿನ ಸಿಪ್ಪೆ ಬಿಡಿಸುವುದು ಹೆಂಗಸರ ಪಾಲಿನವು. ಕಣದ ವರ್ಣನೆಗಳಲ್ಲಿ ಈ ದುಡಿಮೆಗೆ ದೊರೆತಿರುವ ಸಾಲುಗಳು ಕಡಿಮೆ.

ತೂರಿದ ರಾಗಿ ರಾಶಿಯಾದ ಮೇಲೆ ಪೂಜೆ, ಬಳಿಕ ಅಳತೆ. ಮೊದಲ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುವ ರೂಢಿ ಕನ್ನಡ ತೆಲುಗುಗಳೆರಡರಲ್ಲಿಯೂ ಇದೆ. ರಾಶಿ ಹಗೇವಿಗೋ ವಾಡೆಗೋ ಸೇರುವ ಮೊದಲೇ ಅದರಿಂದ ಪಾಲುಗಳು ಹೊರಡುತ್ತಿದ್ದವು. 1800-01ರಲ್ಲಿ ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳನ್ನೂ ಹಾದುಹೋದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ವರದಿಯಲ್ಲಿ ಮೈಸೂರು ಸೀಮೆಯ ಇಂಥ ಹಂಚಿಕೆಯನ್ನು ವಿವರವಾಗಿ ಬರೆದಿದ್ದಾನೆ. ದೇವರು, ಭಿಕ್ಷುಕರು, ಜೋಯಿಸ, ಕ್ಷೌರಿಕ, ಕುಂಬಾರ, ಅಗಸ ಮೊದಲಾದವರಿಗೆಲ್ಲ ರಾಶಿಯಲ್ಲಿ ಗೊತ್ತಾದ ಪಾಲಿತ್ತು. ಹಾಡಿ ಬೇಡುವವರನ್ನು ಈ ಪಟ್ಟಿಯೊಳಗಿಟ್ಟು ನೋಡಿದಾಗ ಅವರ ಆಗಮನ ಆಕಸ್ಮಿಕವಾಗಿ ಕಾಣುವುದಿಲ್ಲ. ಬುಡಬುಡಿಕೆಯವನು ಬೆಳಗಿನ ಜಾವಕ್ಕೆ ಬಂದು ಹಾಲಕ್ಕಿಯ ಶಕುನ ನುಡಿಯುವಾಗ ಮನೆಯ ಗಂಡಸು ಕಣದ ಕಾವಲಿನಲ್ಲಿ ಎಚ್ಚರವಾಗಿಯೇ ಇರುತ್ತಿದ್ದನು. ಕೋಲೆ ಬಸವ ತಲೆಯಾಡಿಸಿ ‘ಹೌದು’ ಎನ್ನುವ ಸಮೃದ್ಧಿ ಆಗ ಕಣ್ಣೆದುರು ರಾಶಿಯಾಗಿ ಬಿದ್ದಿರುತ್ತಿತ್ತು.

ಇವರಲ್ಲಿ ಹೆಳವರ ವಿಷಯ ಬೇರೆಯಾಗಿಯೇ ಗಮನಿಸತಕ್ಕದ್ದು. ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಬರುವ ಹೆಳವ ಒಕ್ಕಲುಮನೆಯ ಮೂಲಸ್ಥಳ, ಬೆಡಗು, ಹಿರಿಯರ ಹೆಸರುಗಳನ್ನು ಹೇಳುತ್ತಾನೆ. ತೆಲುಗಿನಲ್ಲಿ ಇದೇ ವೃತ್ತಿಯವರು ಪಿಚ್ಚಕುಂಟ್ಲವರು. ಕುಂಟನೆಂಬ ಅರ್ಥ ಎರಡು ಹೆಸರುಗಳಲ್ಲಿಯೂ ಇದೆ. ಆದರೆ ಹೆಳವನ ಪಠ್ಯ ಒಮ್ಮುಖವಾದುದಲ್ಲ. ಕಳೆದ ಸಲ ಬಂದುಹೋದ ಮೇಲೆ ಹುಟ್ಟಿದವರು ಯಾರು, ತೀರಿಕೊಂಡವರು ಯಾರು ಎಂದು ಅವನು ಕೇಳುತ್ತಾನೆ, ಮನೆಯವರು ಹೇಳುತ್ತಾರೆ. ಮುಂದಿನ ಸಲದ ವಂಶಾವಳಿ ಅಲ್ಲಿ ಬೆಳೆಯುತ್ತದೆ. ಮನೆಮಂದಿಯೆಲ್ಲ ಒಂದೆಡೆ ಇರುವ, ಕೊಡಲು ಕಾಳು ಇರುವ, ಕೂತು ಕೇಳಲು ಹೊತ್ತು ಇರುವ ಕಾಲ ಇದಕ್ಕೆ ಬೇಕು.

ಹಾಗೆಂದು ಕಣವನ್ನು ಔದಾರ್ಯದ ಚಿತ್ರವಾಗಿ ಕಾಣುವುದೂ ಸರಿಯಲ್ಲ. ಆಯವನ್ನು ದಾನವೆಂದು ಹೊಗಳಿಸಿಕೊಂಡರೂ ಅದು ವರ್ಷವಿಡೀ ದುಡಿದವರ ಕೂಲಿಯೇ. ತೋಟಿ, ತಳವಾರರು ರಾಶಿಯನ್ನು ಮುಟ್ಟದೆ ಅಂಚಿನಲ್ಲಿ ನಿಂತು ಅದನ್ನು ಪಡೆಯಬೇಕಾಗಿತ್ತು. ಪಾರಂಪರಿಕ ಗ್ರಾಮ ಹುದ್ದೆಗಳನ್ನು ರದ್ದುಪಡಿಸಿದ 1961ರ ಕಾಯ್ದೆಯ ನಂತರ ಆ ನಿಲುವಿನ ಕಾನೂನುಬದ್ಧ ಆಧಾರ ಕುಸಿಯಿತು. ಈ ನಷ್ಟಕ್ಕೆ ಕೊರಗಬೇಕಾದ ಕಾರಣವಿಲ್ಲ.

ಇನ್ನೊಂದು ಬದಲಾವಣೆ ಬೆಳೆಯದು. ಶಿಡ್ಲಘಟ್ಟ, ಚಿಂತಾಮಣಿಗಳ ಬಹಳಷ್ಟು ಮನೆಗಳಲ್ಲಿ ಚಳಿಗೆ ಮುಂಚಿನ ಮುಖ್ಯ ಕೆಲಸವೆಂದರೆ ರೇಷ್ಮೆಹುಳುವಿನ ಮನೆಯ ಸಿದ್ಧತೆ. ಸುಣ್ಣ, ಬ್ಲೀಚಿಂಗ್ ಪುಡಿಗಳಿಂದ ಶುದ್ಧಿ ಮಾಡಿ, ರಾತ್ರಿ ಶೀತ ಹೆಚ್ಚಿದಾಗ ಇದ್ದಿಲ ಒಲೆಯನ್ನೋ ವಿದ್ಯುತ್ ಹೀಟರನ್ನೋ ಇಟ್ಟು ಶಾಖ ಉಳಿಸಿಕೊಳ್ಳಬೇಕು. ನಾಲ್ಕು ಜ್ವರ ದಾಟಿ ಹುಳು ಹಣ್ಣಾಗಿ ಚಂದ್ರಿಕೆಗೆ ಏರುವವರೆಗೆ ಹೊರಗಿನವರಿಗೆ ಪ್ರವೇಶವಿಲ್ಲ. 1980ರಲ್ಲಿ ಊಜಿ ನೊಣ ಕರ್ನಾಟಕಕ್ಕೆ ಬಂದ ಮೇಲೆ ಬಾಗಿಲು ಕಿಟಕಿಗಳಿಗೆ ನೈಲಾನ್ ಬಲೆಯೂ ಬಿದ್ದಿದೆ. ಕಣ ಎಲ್ಲರಿಗೂ ಕಾಣುವ ಬಯಲು, ಹುಳುಮನೆ ಮುಚ್ಚಿದ ಕೋಣೆ. ರಾಗಿಯ ಸುಗ್ಗಿ ವರ್ಷಕ್ಕೊಂದು, ಗೂಡು ವರ್ಷಕ್ಕೆ ಐದಾರು ಬಾರಿ ಮಾರುಕಟ್ಟೆಗೆ ಹೋಗುತ್ತದೆ. ಹೆಳವ ಯಾವ ಸುಗ್ಗಿಗೆ ಬರಬೇಕು? ಬಂದರೂ ಬೀದಿಯಲ್ಲಿ ನಿಂತು ನೋಟು ಪಡೆದು ಹೋಗುವವನಿಗೆ ಹುಟ್ಟುಸಾವುಗಳ ಉತ್ತರ ಹೇಳುವವರಿಲ್ಲ.

ಸಭಾಂಗಣದಲ್ಲಿ ಬೇಸಿಗೆಯ ಮಧ್ಯಾಹ್ನ ಧ್ವನಿಮುದ್ರಿಸಿದ ವಂಶಾವಳಿಯಲ್ಲಿ ಇಲ್ಲವಾಗುವುದು ಈ ಪ್ರಶ್ನೋತ್ತರದ ಭಾಗವೇ. ಆ ಭಾಗದಲ್ಲಿಯೂ ಮೊದಲಿನಿಂದ ಸ್ಥಳ ದೊರೆಯದವರು ಒಬ್ಬರಿದ್ದಾರೆ. ಹೆಳವನ ಪಟ್ಟಿ ಪ್ರಧಾನವಾಗಿ ಗಂಡುಸಂತಾನದ ಮೂಲಕ ಸಾಗುತ್ತದೆ. ನೋಮಿಗೆ ತವರಿಗೆ ಬಂದು, ಮನೆ ಸಾರಿಸಿ, ಕಜ್ಜಾಯ ಸುಟ್ಟು ಮರಳಿಹೋದ ಮಗಳ ಹೆಸರನ್ನು ಹುಡುಕಬೇಕಾದದ್ದು ಬೀಸುವ ಪದಗಳಲ್ಲಿ.